ಕೊನೆಯ ಬಾಗಿಲಿನ ಸೆಲ್ಲು

ನಮ್ಮ ಬೀದಿಯಲ್ಲಿ ವಾಚು ರಿಪೇರಿ ಅಂಗಡಿ ಇಟ್ಟಿರುವ ವಾಚಿನವರು ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮುಂಚೆ ಮನೆಯ ಐದು ಗಡಿಯಾರಗಳಿಗೂ ಒಂದೊಂದಾಗಿ ಕಿವಿಯಿಟ್ಟು ಕೇಳುತ್ತಾರೆ. ಜ್ವರವಿರಲಿ, ನೆಂಟರಿರಲಿ, ಈ ನೇಮ ತಪ್ಪಿದ್ದಿಲ್ಲ. "ಅದಕ್ಕೆ ಕೊಡೋ ಕಿವಿಯಲ್ಲಿ ಅರ್ಧ ನನಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ನಾನು ಉದ್ಧಾರ ಆಗಿರ್ತಿದ್ದೆ" ಎಂದು ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಹೇಳುವುದೂ ಒಂದು ನೇಮವೇ. ಅದೂ ತಪ್ಪಿದ್ದಿಲ್ಲ.

ಕಳೆದ ಸೋಮವಾರ ಆಕೆಯ ಅಣ್ಣ ಒಂದು ತಗಡಿನ ಪೆಟ್ಟಿಗೆ ಕಳಿಸಿದರು. ಮನೆ ಬದಲಾಯಿಸುವಾಗ ಅಟ್ಟದಲ್ಲಿ ಸಿಕ್ಕಿತಂತೆ. ಅಣ್ಣತಂಗಿ ಚಿಕ್ಕಂದಿನಿಂದ ಕಿತ್ತಾಡಿಕೊಂಡು ಆಡಿದ, ಕೈಯಲ್ಲಿ ಹಿಡಿಯುವ ವಿಡಿಯೋ ಗೇಮುಗಳೆಲ್ಲ ಅದರೊಳಗಿದ್ದವು.

"ಮಕ್ಕಳಾಟಿಕೆ" ಎಂದರು ವಾಚಿನವರು, ಮೂಗಿನ ತುದಿಯಿಂದ.

"ಹೌದು. ಮುಟ್ಟಬೇಡಿ" ಎಂದಳು ಹೆಂಡತಿ.

ಮುಟ್ಟಬೇಡ ಎಂದ ಮೇಲೆ ಕೈ ಸುಮ್ಮನಿರುತ್ತದೆಯೇ? ಎಲ್ಲಕ್ಕಿಂತ ಹಳೆಯದನ್ನು ಎತ್ತಿಕೊಂಡರು. ಅಂಗೈಯಗಲ, ಬಿಸ್ಕತ್ತಿನಷ್ಟು ತೆಳು. ಹಿಂದೆ ಎರಡು ಗುಂಡಿ ಸೆಲ್ಲು, ಮೂಲೆಯಲ್ಲಿ ಗಂಟೆ ತೋರಿಸುವ ಅಂಕಿ, ಅಲಾರಾಂ ಬೇರೆ. "ಇದು ನಮ್ಮ ಕುಲದ್ದೇ ಕಣೇ" ಎಂದರು ತಗ್ಗಿದ ದನಿಯಲ್ಲಿ. ಅದರ ಗಾಜಿನಲ್ಲಿ ಆಟದ ಬೊಂಬೆ ನಡೆಯುವುದೇ ಇಲ್ಲ. ನಿಲ್ಲಬೇಕಾದ ಜಾಗಗಳಲ್ಲೆಲ್ಲ ಅದರ ನೆರಳನ್ನು ಮೊದಲೇ ಬರೆದಿಟ್ಟಿದ್ದಾರೆ. ಒಂದು ಆರಿ ಇನ್ನೊಂದು ಹೊತ್ತಿಕೊಂಡರೆ ನಡೆದಂತೆ ಕಾಣುತ್ತದೆ. ಮೊದಲೇ ಬರೆದಿಟ್ಟ ಹೆಜ್ಜೆಯನ್ನೇ ತುಳಿಯುತ್ತಾ ನಾವೇ ನಡೆದೆವು ಎಂದುಕೊಳ್ಳುವ ನಮ್ಮ ಹಾಗೆಯೇ ಎಂದುಕೊಂಡು ವಾಚಿನವರು ಮನಸ್ಸಿನಲ್ಲೇ ಕೈಮುಗಿದರು.

ಎರಡನೆಯದು ಇಟ್ಟಿಗೆ. ತೂಕದಲ್ಲೂ ಇಟ್ಟಿಗೆಯೇ. ನಾಲ್ಕು ಪೆನ್ಸಿಲ್ ಸೆಲ್ಲು ನುಂಗುತ್ತದೆ. ಪಾಚಿ ಬಣ್ಣದ ಪರದೆ, ಸ್ವಂತ ಬೆಳಕಿಲ್ಲ, ಆಡಬೇಕಾದರೆ ಕಿಟಕಿಗೆ ಹೋಗಬೇಕು. ಆದರೆ ಇಲ್ಲಿ ಬೊಂಬೆಯ ಹೆಜ್ಜೆ ಮೊದಲೇ ಬರೆದಿಟ್ಟದ್ದಲ್ಲ. ಸಾವಿರಾರು ಚುಕ್ಕಿ ಸೇರಿ ಬೇಕಾದ ರೂಪ ತಾಳುತ್ತವೆ. ಹಿಂದಿನ ಸೀಳಿನಲ್ಲಿ ಬೇರೆ ಬೇರೆ ಕ್ಯಾಸೆಟ್ ಸಿಕ್ಕಿಸಿದರೆ ಬೇರೆ ಬೇರೆ ಆಟ. ಮೂರನೆಯದಕ್ಕೆ ಬಣ್ಣ ಬಂತು, ಬೆಳಕು ಬಂತು. ನಾಲ್ಕನೆಯದು ಪುಸ್ತಕದಂತೆ ಮಡಚುತ್ತದೆ. ಪರದೆ ಎರಡು, ಬರೆಯಲು ಕಡ್ಡಿ. ವಾಚಿನವರು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ನಾಲ್ಕನ್ನೂ ಬಿಚ್ಚಿದರು. ಮೊದಲನೆಯದರ ಒಳಗಿನ ತುಣುಕುಗಳು ಬರಿಗಣ್ಣಿಗೇ ಕಂಡವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸಾಸಿವೆ ಎನ್ನಲೂ ದೊಡ್ಡ ಮಾತಾಯಿತು. ಪೆಟ್ಟಿಗೆ ಅಷ್ಟೇ ಇದೆ, ಒಳಗೆ ಊರು ಬೆಳೆಯುತ್ತಾ ಹೋಗಿದೆ.

"ಇರುವೆಗೂ ಹೊಟ್ಟೆ ಇಟ್ಟವನು ಒಬ್ಬನೇ ಅಂದುಕೊಂಡಿದ್ದೆ" ಎಂದರು.

"ಊಟ ಆರ್ತಾ ಇದೆ" ಎಂದಳು ಹೆಂಡತಿ.

ಮಂಗಳವಾರ ಅಣ್ಣನ ಫೋನು ಬಂತು. ಇಟ್ಟಿಗೆಯ ಕ್ಯಾಸೆಟ್ಟಿನಲ್ಲಿ ಕೊಡೆ ಹಿಡಿದ ಕಪ್ಪೆಯೊಂದು ಏಳು ಕೋಟೆ ದಾಟುವ ಆಟ ಇತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ತಾನು ಏಳನೇ ಕೋಟೆಯ ಕೊನೆಯ ಬಾಗಿಲ ಮುಂದೆ ಕಪ್ಪೆಯನ್ನು ನಿಲ್ಲಿಸಿದ್ದೇನೆ ಎಂದು ತಂಗಿ ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಲೇ ಇದ್ದಳು. ಅಣ್ಣ ನಂಬಿರಲೇ ಇಲ್ಲ. ಫೋನಿಟ್ಟಾಗ ಆಕೆಯ ಮುಖ ಬಾಡಿತ್ತು.

"ಭಾನುವಾರ ಅಣ್ಣ ಬರ್ತಾನಂತೆ. ಆ ಬಾಗಿಲು ತೋರಿಸಬೇಕಂತೆ."

"ತೋರಿಸಿದರಾಯ್ತು."

ಆಕೆ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು.

ವಾಚಿನವರಿಗೆ ಥಟ್ಟನೆ ಹೊಳೆಯಿತು. ಕ್ಯಾಸೆಟ್ಟಿನೊಳಗೂ ಒಂದು ಗುಂಡಿ ಸೆಲ್ಲಿರುತ್ತದೆ ಎಂದು ಅಣ್ಣ ಪೆಟ್ಟಿಗೆಯ ಜೊತೆ ಕಳಿಸಿದ ಚೀಟಿಯಲ್ಲಿ ಬರೆದಿದ್ದರು. ಆಟ ಎಲ್ಲಿಗೆ ಬಂತೆಂದು ನೆನಪಿಡುವುದು ಅದರ ಬಲದಲ್ಲೇ. ಪಾಪ, ಇಪ್ಪತ್ತೆರಡು ವರ್ಷದ ಸೆಲ್ಲು, ಭಾನುವಾರದವರೆಗೆ ಬದುಕುತ್ತದೋ ಇಲ್ಲವೋ ಎಂದು ಇವಳಿಗೆ ಚಿಂತೆ. ಸೆಲ್ಲು ಹಾಕುವುದಕ್ಕೆ ಈ ಊರಿನಲ್ಲಿ ತನಗಿಂತ ಯೋಗ್ಯ ಯಾರು?

ಪೆನ್ಸಿಲ್ ಸೆಲ್ಲು ಮನೆಯಲ್ಲಿರಲಿಲ್ಲ, ಹಾಗಾಗಿ ಆಟ ಹಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಕ್ಯಾಸೆಟ್ಟನ್ನು ಅಂಗಡಿಗೆ ಒಯ್ದು, ಮೂವತ್ತು ವರ್ಷದ ಕ್ರಮದಂತೆ ಮೊದಲು ಹಳೆ ಸೆಲ್ಲಿನ ಬೆಸುಗೆ ಬಿಡಿಸಿ ಕಿತ್ತರು. ಸೆಲ್ಲು ಕೂರುವ ಜಾಗ ಒರೆಸಿದರು. ಹೊಸದನ್ನು ಕೂರಿಸಿ ಬೆಸೆದರು. ವಾಚಿನ ಸೆಲ್ಲು ಕಿತ್ತರೆ ಮುಳ್ಳು ನಿಂತಲ್ಲೇ ನಿಂತು ಕಾಯುತ್ತದೆ. ಎಷ್ಟು ದಿನ ಬಿಟ್ಟು ಹಾಕಿದರೂ ಅಲ್ಲಿಂದಲೇ ಹೊರಡುತ್ತದೆ. ಕ್ಯಾಸೆಟ್ಟು ಮುಳ್ಳಿಲ್ಲದ ಜಾತಿ. ಸೆಲ್ಲು ಕಿತ್ತ ಗಳಿಗೆಯಲ್ಲೇ ಅದು ಹಿಂದಿನ ಜನ್ಮವನ್ನೆಲ್ಲ ಮರೆತು ಈಗ ಹುಟ್ಟಿದ ಕೂಸಾಗಿತ್ತು. ಪೆನ್ಸಿಲ್ ಸೆಲ್ಲು ಕೊಂಡು ತಂದು ಹಚ್ಚಿ ನೋಡಿದರೆ, ಕಪ್ಪೆ ಮೊದಲನೇ ಕೋಟೆಯ ಹೊರಗೆ ಕೊಡೆ ಬಿಚ್ಚುತ್ತಾ ನಿಂತಿತ್ತು.

ವಾಚಿನವರ ಎದೆಯಲ್ಲಿ ಐದು ಗಡಿಯಾರವೂ ಒಟ್ಟಿಗೆ ಹೊಡೆದವು. ಹೆಂಡತಿಯ ಇಪ್ಪತ್ತೆರಡು ವರ್ಷದ ಮಾತು ಸುಳ್ಳಾಗುವುದು ಇನ್ನು ಐದು ದಿನದಲ್ಲಿ. ಉಳಿದದ್ದು ಒಂದೇ ದಾರಿ, ಗುಟ್ಟಾಗಿ ತಾವೇ ಕಪ್ಪೆಯನ್ನು ಕೊನೆಯ ಬಾಗಿಲಿಗೆ ಮುಟ್ಟಿಸುವುದು.

ಪರದೆಗೆ ಬೆಳಕಿಲ್ಲವಲ್ಲ, ಅಂಗಡಿಯ ಗಾಜಿನ ಕಿಟಕಿಗೆ ಬೆನ್ನು ಕೊಟ್ಟು ಕೂತರು. ಕೂದಲೆಳೆಯಂಥ ಸ್ಪ್ರಿಂಗನ್ನು ನಡುಗದೆ ಹಿಡಿಯುವ ಹೆಬ್ಬೆರಳುಗಳು ಒಂದು ಕಪ್ಪೆಯನ್ನು ಹಳ್ಳ ಹಾರಿಸಲಾರದೆ ಹೋದವು. ಬುಧವಾರವಿಡೀ ಹಳ್ಳ. ಗುರುವಾರ ಎರಡನೇ ಕೋಟೆ, ಅದರ ಬಾಗಿಲಲ್ಲಿ ಕಾವಲಿಗೊಂದು ಗೂಬೆ.

"ನನ್ನ ವಾಚು ಎಲ್ಲಿಗೆ ಬಂತು?" ಎಂದರು ಶಾಲೆಯ ಟೀಚರಮ್ಮ.

"ಗೂಬೆ ಕಾಯ್ತಾ ಇದೆ, ಸ್ವಲ್ಪ ತಡೀರಿ" ಎಂದರು ವಾಚಿನವರು, ತಲೆಯೆತ್ತದೆ.

ಟೀಚರಮ್ಮ ಎರಡು ಹೆಜ್ಜೆ ಹಿಂದೆ ಸರಿದು, ನಾಳೆ ಬರುತ್ತೇನೆ ಎಂದು ಹೊರಟರು.

ಶನಿವಾರ ಸಂಜೆಗೆ ಕಪ್ಪೆ ನಾಲ್ಕನೇ ಕೋಟೆಯ ಕುಸಿಯುವ ಸೇತುವೆಯ ಮುಂದಿತ್ತು. ಮೂವತ್ತೆಂಟು ಸಲ ಬಿತ್ತು. ಬೆಳಕು ಮುಗಿಯಿತು.

ಭಾನುವಾರ ಅಣ್ಣ ಬಂದು ಕೂತವರೇ, "ಎಲ್ಲಮ್ಮಾ ನಿನ್ನ ಬಾಗಿಲು?" ಎಂದರು.

ಹೆಂಡತಿ ಬಾಯಿ ತೆರೆಯುವ ಮೊದಲೇ ವಾಚಿನವರು ಎದ್ದು ನಿಂತರು. ತಪ್ಪೊಪ್ಪಿಗೆಯನ್ನು ಒಂದೇ ಉಸಿರಿಗೆ ಮುಗಿಸಿದರು. "ಅವಳ ಮಾತು ಸತ್ಯ ಭಾವ. ಸಾಕ್ಷಿ ಕೊಂದ ಪಾಪಿ ನಾನು."

ಅಣ್ಣ ಇಟ್ಟಿಗೆಯನ್ನು ಎತ್ತಿ ತಿರುವಿ ನೋಡಿ ಕೆಳಗಿಟ್ಟರು. "ಹೋಗಲಿ ಬಿಡಿ. ಇನ್ನು ನಾನು ಒಪ್ಪಲೇಬೇಕು, ಅವಳು ಆ ಬಾಗಿಲು ಮುಟ್ಟಿದ್ದಳು ಅಂತ" ಎಂದರು.

ಹೆಂಡತಿ ನೀರು ತರುವ ನೆಪದಲ್ಲಿ ಒಳಗೆ ಹೋದಳು. ವಾಚಿನವರು ಕ್ಷಮೆ ಕೇಳಲು ಹಿಂದೆಯೇ ಹೋದರು. ಆಕೆ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದ್ದಳು. ಅಳುತ್ತಿದ್ದಾಳೆ ಎಂದುಕೊಂಡರೆ, ನಗು.

"ರೀ, ನಾನು ಮೂರನೇ ಕೋಟೆಯನ್ನೇ ದಾಟಿರಲಿಲ್ಲ. ಅವತ್ತು ಹಟಕ್ಕೆ ಹೇಳಿಬಿಟ್ಟೆ. ಮಂಗಳವಾರದಿಂದ ಮಾನ ಉಳಿಸಪ್ಪಾ ಅಂತ ದೇವರನ್ನ ಕೇಳ್ತಾ ಇದ್ದೆ. ಅವನು ನಿಮ್ಮನ್ನೇ ಕಳಿಸ್ತಾನೆ ಅಂತ ಗೊತ್ತಿರಲಿಲ್ಲ."

"ನಾಲ್ಕು ದಿನ ನಾನು ಅಂಗಡಿಯಲ್ಲಿ..."

"ಗುರುವಾರ ಬುತ್ತಿ ತಂದಾಗ ಗಾಜಿನಿಂದ ನೋಡಿದೆ. ಕಪ್ಪೆ ಹಾರುವಾಗ ನೀವೂ ಕುರ್ಚಿಯಿಂದ ಏಳ್ತಿದ್ರಿ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ವಾಚಿನವರು ಪೆಚ್ಚಾಗಿ ಹೊರಗೆ ಬಂದರು. ಅಣ್ಣನಿಗೆ ಅವರ ಮುಖ ನೋಡಿ ಕನಿಕರವಾಗಿ, ಚೀಲದಿಂದ ಹೊಚ್ಚಹೊಸದೊಂದನ್ನು ತೆಗೆದರು. ಸ್ಲೇಟಿನಷ್ಟು ಪರದೆ, ಎರಡು ಬದಿಯ ಹಿಡಿಗಳನ್ನು ಕಳಚಬಹುದು. ಆಟದ ಕಾರ್ಡು ಉಗುರಿನಷ್ಟೇ. ವಾಚಿನವರು ಎರಡೂ ಕೈಯಲ್ಲಿ, ಪ್ರಸಾದ ತೆಗೆದುಕೊಳ್ಳುವಂತೆ ತೆಗೆದುಕೊಂಡರು.

"ಹಳೆ ಆಟಗಳೆಲ್ಲ ಇದರೊಳಗಿವೆ ಭಾವ, ನಿಮ್ಮ ಕಪ್ಪೆಯೂ ಇದೆ. ಬಿದ್ದರೆ ಈ ಗುಂಡಿ ಒತ್ತಿ, ಹೊತ್ತು ಹಿಂದಕ್ಕೆ ಹೋಗುತ್ತೆ."

ಕಪ್ಪೆಯನ್ನು ಒಂದು ಸಲ ಹಾರಿಸಿ, ಅದು ಬಿದ್ದ ಮೇಲೆ ಒತ್ತಿದರು. ಮೊದಲ ಹಳ್ಳಕ್ಕೇ ಬಿದ್ದಿದ್ದ ಕಪ್ಪೆ ಮೇಲಕ್ಕೆ ತೇಲಿ, ಹಿಂದಕ್ಕೆ ನಡೆದು, ಕೊಡೆ ಮಡಚಿ ನಿಂತಿತು. ಮೂವತ್ತು ವರ್ಷ ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿದ ಮನುಷ್ಯ. ಹೊತ್ತು ಒಂದು ಸಲವೂ ಜೊತೆಗೆ ತಿರುಗಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

"ಕೊಡಿ ಇಲ್ಲಿ. ಹತ್ತು ನಿಮಿಷದಲ್ಲಿ ಕೊನೆಯ ಬಾಗಿಲಿಗೆ ಮುಟ್ಟಿಸಿ ಕೊಡ್ತೀನಿ" ಎಂದರು ಅಣ್ಣ.

ವಾಚಿನವರು ಹೊಸದನ್ನು ಮೆಲ್ಲಗೆ ಅವರ ಮಡಿಲಲ್ಲಿಟ್ಟು, ಇಟ್ಟಿಗೆಯನ್ನು ಎತ್ತಿಕೊಂಡು ಕಿಟಕಿಯ ಕಡೆ ನಡೆದರು.

"ಬೇಡ ಭಾವ. ಕಪ್ಪೆಗೆ ಗೊತ್ತಾಗುತ್ತೆ."