ಹತ್ತನೇ ನಂಬರಿನ ಬೋಲ್ಟು

“ಇಷ್ಟು ವರ್ಷ ಬಟ್ಟೆ ಅಳೆದಿರೋ ಕೈ ಕಣೇ ಇದು! ಇದಕ್ಕೆ ಜುಜುಬಿ ಒಂದು ಬೋಲ್ಟ್ ಅಳೆಯೋಕೆ ಬರಲ್ವಾ?”

ನಂಜನಗೂಡಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರುದ್ರೇಶ್ ಹೀಗೆ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮನೆಯ ಜಗಲಿಯ ಮೇಲೆ ನಿಂತು. ಕಾರಣ, ಅವನ ಬೈಕಿನ ಸೀರೆ ಗಾರ್ಡು. ಹಿಂದೆ ಕೂತವರ ಸೆರಗು ಚಕ್ರಕ್ಕೆ ಸಿಕ್ಕದಂತೆ ಕಾಯಬೇಕಾದ ಆ ಕಬ್ಬಿಣದ ಜಾಲರಿ ಕೆಲವು ದಿನಗಳಿಂದ ತಗಡಿನ ಡಬ್ಬದ ಹಾಗೆ ಗಡಗಡ ಬಡಿದುಕೊಳ್ಳುತ್ತಿತ್ತು. ಮರುದಿನವೇ ಬನ್ನೂರಿನಲ್ಲಿ ಅವನ ನಾದಿನಿ ಶಿವಾನಿಯ ನಿಶ್ಚಿತಾರ್ಥ. ದೊಡ್ಡ ಅಳಿಯ ಗಡಗಡಿಸುತ್ತಾ ಹೋಗಿ ಇಳಿಯುವುದುಂಟೆ?

“ಮೆಕ್ಯಾನಿಕ್ ಹತ್ರ ಬಿಡ್ರೀ,” ಎಂದಳು ಹೆಂಡತಿ ಶ್ವೇತ.

“ಒಂದು ಬೋಲ್ಟಿಗೆ ಮೆಕ್ಯಾನಿಕ್ಕಾ? ಸೊಳ್ಳೆ ಕಚ್ಚಿದ್ರೆ ಆಪರೇಷನ್ ಮಾಡಿಸ್ಕೋತೀಯಾ ನೀನು?”

“ನೀವು ರಿಪೇರಿ ಮಾಡಿದ ಮಿಕ್ಸಿ...”

“ಅದರ ಮಾತು ಈಗ ಬೇಡ!”

“ಬೇಡ ಬಿಡಿ. ಅದೂ ಮಾತಾಡೋ ಸ್ಥಿತೀಲಿಲ್ಲ.”

ರುದ್ರೇಶ್ ಇಂಥ ಕುಹಕಕ್ಕೆ ಕಿವಿಗೊಡುವವನಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡು ತಂದು ಬೀರುವಿನಲ್ಲಿ ಭದ್ರವಾಗಿಟ್ಟಿದ್ದ ಸ್ಪ್ಯಾನರ್ ಸೆಟ್ಟನ್ನು ಆಯುಧಪೂಜೆಯ ಗಾಂಭೀರ್ಯದಿಂದ ಹೊರತೆಗೆದ. ಒಂದೊಂದಾಗಿ ಹಿಡಿದು ನೋಡಿದ. ಸಡಿಲವಾಗಿದ್ದ ಬೋಲ್ಟಿನ ತಲೆಗೆ ಹತ್ತನೇ ನಂಬರಿನದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ತಿರುಗಿಸಿದ. ಬೋಲ್ಟು ಬಂತು. ಬಂದದ್ದು ಕೈಗೆ ಬರದೆ ನೆಲಕ್ಕೆ ಬಿತ್ತು, ಉರುಳಿತು, ಚರಂಡಿಯ ಕಪ್ಪು ನೀರಿನಲ್ಲಿ ಕಣ್ಮರೆಯಾಯಿತು.

“ಹೋಯ್ತಾ?” ಕಿಟಕಿಯೊಳಗಿಂದ ಪ್ರಶ್ನೆ ಬಂತು.

“ಹಳೇದು, ತುಕ್ಕು ಹಿಡಿದಿತ್ತು. ಬೇಕು ಅಂತಲೇ ಬಿಸಾಕ್ದೆ!”

ಅವನು ನೇರ ರಂಗನಾಯಕನ ಹಾರ್ಡ್‌ವೇರ್ ಅಂಗಡಿಗೆ ನಡೆದ. “ಹತ್ತು ಎಂಎಂ ಬೋಲ್ಟ್ ಒಂದು, ನಟ್ ಸಮೇತ!”

“ಹಳೇದಿದ್ರೆ ತೋರ್ಸಿ ಸಾ, ಜೋಡಿ ನೋಡ್ ಕೊಡ್ತೀನಿ.”

“ಹಳೇದ್ಯಾಕಪ್ಪಾ? ನಂಬರು ಸ್ಪ್ಯಾನರ್ ಮೇಲೇ ಅಚ್ಚು ಹಾಕಿದೆ!”

“ಸರಿ. ಉದ್ದ ಎಷ್ಟಿರ್ಲಿ?”

“ಉದ್ದ ಇದ್ದಷ್ಟೂ ಭದ್ರ. ಕೊಡು!”

ಸ್ಪ್ಯಾನರಿನ ಮೇಲಿರುವ ನಂಬರು ಬೋಲ್ಟಿನ ತಲೆಯ ಅಳತೆಯೇ ಹೊರತು ಮೈಯ ಅಳತೆಯಲ್ಲ ಎಂಬುದು ಪಾಪ, ರುದ್ರೇಶನಿಗೆ ಗೊತ್ತಿರಲಿಲ್ಲ. ರುಮಾಲಿನ ಅಳತೆ ಕೊಟ್ಟು ಅಂಗಿ ಹೊಲಿಸಿದ ಹಾಗಾಯಿತು. ಮನೆಗೆ ತಂದು ನೋಡಿದರೆ ಬೋಲ್ಟು ಹೆಬ್ಬೆರಳಿನಷ್ಟು ದಪ್ಪ, ತೂತು ಕಿರುಬೆರಳಿನಷ್ಟು ಸಣ್ಣ!

ಬೇರೆ ಯಾರಾದರೂ ಆಗಿದ್ದರೆ ಬೋಲ್ಟು ಬದಲಾಯಿಸುತ್ತಿದ್ದರು. ರುದ್ರೇಶ್ ತೂತನ್ನೇ ಬದಲಾಯಿಸಲು ಹೊರಟ.

ಪಕ್ಕದ ಮನೆಯ ಬೆಟ್ಟಯ್ಯನಿಂದ ಕಬ್ಬಿಣ ತೇಯುವ ಗುಂಡಗಿನ ಅರ ಇಸಿದುಕೊಂಡು ಬಂದು ಉಜ್ಜತೊಡಗಿದ. ಕರ್ರ್... ಕರ್ರ್... ಬೀದಿಯ ನಾಯಿಗಳೆಲ್ಲ ಎದ್ದು ಬೇರೆ ಬೀದಿಗೆ ಹೋದವು.

“ಏನ್ರೀ ಅದು, ನನ್ನ ಹಲ್ಲೆಲ್ಲಾ ಜುಮ್ಮಂತಿದೆ!”

“ಕಂಪನಿಯೋರು ತೂತು ಸಣ್ಣ ಕೊರೆದುಬಿಟ್ಟವ್ರೆ ಕಣೇ. ಸರಿ ಮಾಡ್ತಿದೀನಿ.”

“ಗಾಡಿ ಮಾಡ್ದೋರಿಗೇ ಬರ್ಲಿಲ್ಲ, ನಿಮಗೆ ಬಂತು!”

ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು. ಅಂಗೈ ಬೊಬ್ಬೆ ಎದ್ದಿತು. ಆದರೂ ಸಂಜೆಯ ಹೊತ್ತಿಗೆ ತೂತು ಬೋಲ್ಟಿಗೆ ಶರಣಾಯಿತು. ಈಗ ಹೊಸ ಪೇಚಾಟ. ಈ ದಪ್ಪ ನಟ್ಟಿಗೆ ಸೆಟ್ಟಿನ ಯಾವ ಸ್ಪ್ಯಾನರೂ ಹಿಡಿಯಲೊಲ್ಲದು! ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿಸಿ, ಹಲ್ಲು ಕಡಿದು, ಇದ್ದಬದ್ದ ದೇವರನ್ನೆಲ್ಲ ಕರೆದು ಬಿಗಿದ. ಗಾರ್ಡು ಕಮಕ್ ಕಿಮಕ್ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಶ್ವೇತ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ತಂಗಿಯ ನಿಶ್ಚಿತಾರ್ಥದ ಸೀರೆಯ ಚೀಲ ಇಟ್ಟುಕೊಂಡು ಹಿಂದೆ ಕೂತಳು. ಗಾಡಿ ಹೊರಟಿತು.

ಗರ್ರ್ರ್...!

ರುದ್ರೇಶ್ ನಿಲ್ಲಿಸಿದ. ಅವಳನ್ನು ಇಳಿಸಿ ತಾನೊಬ್ಬನೇ ಒಂದು ಸುತ್ತು ಹೊಡೆದ. ಸದ್ದಿಲ್ಲ. ಕೂರಿಸಿದ, ಗರ್ರ್! ಇಳಿಸಿದ, ನಿಶ್ಶಬ್ದ!

“ನೋಡು ಶ್ವೇತ,” ಎಂದ, ರೋಗ ಪತ್ತೆ ಹಚ್ಚಿದ ಡಾಕ್ಟರನ ಧಾಟಿಯಲ್ಲಿ. “ಗಾಡೀಲಿ ತೊಂದರೆ ಇಲ್ಲ.”

“ಅಂದ್ರೆ?”

“ನೀನು ಕೂತ್ರೆ ಮಾತ್ರ ಸದ್ದು ಬರುತ್ತೆ. ಸ್ವಲ್ಪ... ತೂಕ...”

ವಾಕ್ಯ ಅಲ್ಲಿಗೇ ನಿಂತಿತು. ಶ್ವೇತ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀರೆಯ ಚೀಲ ಕಂಕುಳಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ಅವನು ಹಿಂದಿನಿಂದ ಕೂಗಿದ. ಅವಳು ತಿರುಗಿ ನೋಡಲಿಲ್ಲ, ಅವಳ ಬೆನ್ನಿಗೂ ಸಿಟ್ಟು ಬಂದಿತ್ತು.

ರುದ್ರೇಶ್ ಒಬ್ಬನೇ ಬೈಕಿನಲ್ಲಿ ಹೊರಟ. ದಾರಿಯುದ್ದಕ್ಕೂ ಒಂದು ಚೂರೂ ಸದ್ದಿಲ್ಲ. ‘ನಾನು ಹೇಳಿದ್ದು ಸುಳ್ಳಾ?’ ಎಂದು ಭತ್ತದ ಗದ್ದೆಗಳನ್ನೆಲ್ಲ ಸಾಕ್ಷಿಗೆ ಕರೆಯುತ್ತಾ ತಿ. ನರಸೀಪುರ ತಲುಪಿದ. ಬಸ್ ಸ್ಟ್ಯಾಂಡಿನ ಎದುರು ಅಯ್ನೋರು ಮಹಾದೇವಸ್ವಾಮಿ ನಿಂತಿದ್ದರು. ನಿಶ್ಚಿತಾರ್ಥದ ಶಾಸ್ತ್ರ ನಡೆಸಬೇಕಾದವರೇ ಅವರು. ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲುವಂಥ ಬಡಕಲು ದೇಹ.

“ಅಯ್ನೋರೆ, ಬಸ್ ಯಾಕೆ? ಹತ್ತಿ, ಗಾಳೀಲಿ ತೇಲಿಸ್ಕೊಂಡು ಹೋಗ್ತೀನಿ!”

“ಬ್ಯಾಡ ಕಣಪ್ಪ, ಬಸ್ಸು ಇನ್ನೇನು ಬತ್ತದೆ.”

“ನಿಮ್ಮಂಥ ಹಗುರದೋರು ಕೂತ್ರೆ ಗಾಡಿಗೆ ಗೊತ್ತೇ ಆಗಲ್ಲ. ಹತ್ತಿ!”

ಅಯ್ನೋರು ಹತ್ತಿದರು. ಗಾಡಿಗೆ ಗೊತ್ತಾಯಿತು.

ಗರ್ರ್ರ್...!

“ಏನಪ್ಪ ಸದ್ದು?”

“ಏನಿಲ್ಲ, ಸ್ವಲ್ಪ ಮುಂದಕ್ಕೆ ಸರೀರಿ.” ಸರಿದರು. ಗರ್ರ್! “ಸ್ವಲ್ಪ ಹಿಂದಕ್ಕೆ.” ಗರ್ರ್! “ಬೆಳಿಗ್ಗೆ ಏನಾದ್ರೂ ತಿಂದ್ರಾ?”

“ನೀರೂ ಕುಡುದಿಲ್ಲ! ಶಾಸ್ತ್ರ ಮುಗೀದೆ ತಿನ್ನೋನಲ್ಲ ನಾನು.”

ಊರು ದಾಟಿ, ಕಬ್ಬಿನ ಗದ್ದೆಗಳ ನಡುವೆ ‘ಢಂ!’ ಎಂದಿತು. ಬೈಕು ಕುಡಿದವನ ಹಾಗೆ ಓಲಾಡಿ ನಿಂತಿತು. ರುದ್ರೇಶ್ ಇಳಿದು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ಕತ್ತು ಹೊರಳಿಸಿದ. ಅಲ್ಲಿತ್ತು, ಅವನ ಉದ್ದದ, ಭದ್ರದ ಬೋಲ್ಟು! ಅದರ ತುದಿ ಗಾರ್ಡನ್ನು ದಾಟಿ ಒಳಕ್ಕೆ ಚಾಚಿಕೊಂಡು, ಟೈರಿಗೆ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹಿಂದೆ ಯಾರೇ ಕೂರಲಿ, ಸೀಟು ಕುಸಿದು ಬೋಲ್ಟು ಟೈರಿಗೆ ಕಚ್ಚುತ್ತಿತ್ತು. ಶ್ವೇತ ಆಗಲಿ, ಅಯ್ನೋರಾಗಲಿ, ತೊಟ್ಟಿಲ ಕೂಸಾಗಲಿ!

ಬಿಚ್ಚೋಣವೆಂದರೆ ಜೇಬಿನಲ್ಲಿದ್ದದ್ದು ಹತ್ತನೇ ನಂಬರಿನ ಸ್ಪ್ಯಾನರೊಂದೇ. ಅದು ಆ ನಟ್ಟಿನ ಒಂದು ಮೂಲೆಗೂ ಸಾಲಲಿಲ್ಲ. ರುದ್ರೇಶ್ ಅದನ್ನು ಕಬ್ಬಿನ ಗದ್ದೆಯೊಳಕ್ಕೆ ಬೀಸಿ ಎಸೆದ.

“ಮುಹೂರ್ತ ಮೀರ್ತದಲ್ಲಪ್ಪ!” ಅಯ್ನೋರು ಚಡಪಡಿಸಿದರು. “ಬಸ್ಸಲ್ಲಿ ಓಗಿದ್ರೆ ಆಯ್ತಿತ್ತು!”

ಅಷ್ಟರಲ್ಲಿ ಬಸ್ಸೇ ಬಂತು. ಅಯ್ನೋರು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. ಬಸ್ಸು ನಿಂತಿತು. ಕಿಟಕಿಯ ಪಕ್ಕ ಕೂತಿದ್ದವಳು ಶ್ವೇತ! ಅವಳು ಬೈಕು ನೋಡಿದಳು, ಟೈರು ನೋಡಿದಳು, ಗಂಡನ ಪ್ಯಾಂಟಿನ ಮಣ್ಣು ನೋಡಿದಳು. ಆಮೇಲೆ ಸರಿದು ಅಯ್ನೋರಿಗೆ ಜಾಗ ಬಿಟ್ಟಳು. ಬಸ್ಸು ಹೋಯಿತು.

ನಡುಬಿಸಿಲಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಕರುಣೆ ತೋರಿ ಬೈಕನ್ನೂ ರುದ್ರೇಶನನ್ನೂ ಕಬ್ಬಿನ ಮೇಲೆ ಎತ್ತಿಹಾಕಿಕೊಂಡಿತು. ಬೀಗರೆಲ್ಲ ಎಲೆಯ ಮುಂದೆ ಕೂತಿದ್ದಾಗ ದೊಡ್ಡ ಅಳಿಯಂದಿರು ಬನ್ನೂರಿನ ಮನೆಯ ಮುಂದೆ ಲೋಡಿನ ಮೇಲಿಂದ ಇಳಿದರು.

“ಅಳಿಯಂದ್ರೆ, ಇದೇನಿದು?” ಎಂದರು ಮಾವ ಕಲ್ಲಯ್ಯನವರು, ಗಾಬರಿಯಾಗಿ.

“ಏನಿಲ್ಲ ಮಾವ, ಒಂದು ಸಣ್ಣ ಬೋಲ್ಟು...”

“ಸಣ್ಣದಾಗಿದ್ರೆ ಈ ಗತಿ ಯಾಕೆ ಬರ್ತಿತ್ತು?” ಎಂದಳು ಶ್ವೇತ, ಅವನ ಕೂದಲಲ್ಲಿ ಸಿಕ್ಕಿದ್ದ ಕಬ್ಬಿನ ಸೋಗೆ ಕಿತ್ತು ಹಾಕುತ್ತಾ. ಪಂಕ್ತಿಯಲ್ಲಿ ಅವನನ್ನು ಅಯ್ನೋರ ಪಕ್ಕದಲ್ಲೇ ಕೂರಿಸಿದಳು. ಅಯ್ನೋರ ಎಲೆಗೆ ಎರಡನೆಯ ಹೋಳಿಗೆ ತಂದಾಗ ಅವರು ಗಾಬರಿಯಿಂದ ಎಲೆಗೆ ಕೈ ಅಡ್ಡ ಹಿಡಿದರು.

“ಬ್ಯಾಡ ತಾಯಿ! ಬರೀ ಒಟ್ಟೇಲಿ ಕೂತಿದ್ದಕ್ಕೇ ಟೈರು ಸಿಡೀತು. ನನ್ನ ತೂಕ ಜಾಸ್ತಿ ಆಗದೆ ಅಂತ ಕಾಣ್ತದೆ.”

“ತಿನ್ನಿ ಅಯ್ನೋರೆ,” ಶ್ವೇತ ಅವರ ಕೈ ಪಕ್ಕಕ್ಕೆ ಸರಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಸುರಿದಳು. “ವಾಪಸ್ ನಾವಿಬ್ರೂ ಬಸ್ಸಲ್ಲೇ ಹೋಗೋಣ. ಆ ಗಾಡಿಗೆ ನಮ್ಮೆಜಮಾನ್ರ ತಲೆಯಷ್ಟು ಹಗುರ ಇರೋರೇ ಆಗ್ಬೇಕು!”