ಬೆಕ್ಕಿನ ಕಡೆಯ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಜೀವಮಾನದ ಕೊರಗು ಏನು ಗೊತ್ತೇ? ಜಮೀನಿನ ಪಾಲಿನಲ್ಲಿ ಮೋಸವಾಯಿತೆಂದಲ್ಲ, ಮಂಡಿ ನೋವೆಂದೂ ಅಲ್ಲ. ಟೀವಿಯ ಕಾರ್ಟೂನಿನಲ್ಲಿ ಆ ಬೆಕ್ಕು ಇವತ್ತಿನವರೆಗೂ ಇಲಿಯನ್ನು ಹಿಡಿದಿಲ್ಲವಲ್ಲ ಎಂದು! ದೊಡ್ಡಮ್ಮನ ಕೊರಗು ಬೇರೆ. ಈ ಮನುಷ್ಯನ ಕಿವಿಗೆ ತನ್ನ ಒಂದು ಮಾತೂ ಬೀಳುವುದಿಲ್ಲ ಎಂದು.

ಇಲಿ ಗೆದ್ದಾಗ ಲೋಕವೆಲ್ಲ ನಕ್ಕರೆ ದೊಡ್ಡಪ್ಪ ಮುಖ ಸಿಂಡರಿಸುತ್ತಾರೆ. "ನಮ್ಮನೆ ರಾಗಿ ಮೂಟೆಗೆ ಬಾಯಿ ಹಾಕಿದ್ರೆ ಗೊತ್ತಾಗ್ತಿತ್ತು ನಿಂಗೆ. ಬೆಕ್ಕು ಪಾಪ ಡ್ಯೂಟಿ ಮಾಡ್ತಾ ಐತೆ ಕಣೋ" ಎನ್ನುತ್ತಾರೆ.

ನಾನು ಜಡಿಗೇನಹಳ್ಳಿಯ ಶಾಲೆಯಲ್ಲಿ ಓದುವಾಗ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಚೀಲ ಎಸೆದು ದೊಡ್ಡಪ್ಪನ ಮನೆಗೆ ಓಡುತ್ತಿದ್ದೆ. ಅವರು ಪಿಲ್ಲಗುಂಪೆಯ ಕಾರ್ಖಾನೆಯಿಂದ ಬಂದವರು ಖಾಕಿ ಬಟ್ಟೆಯಲ್ಲೇ ಮಕ್ಕಳಾದ ನಮ್ಮ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಒಮ್ಮೆ ಕಾಗೆ ಕೂತು ಆಂಟೆನಾ ತಿರುಗಿತು. ಸರಿ ಮಾಡಲು ಹೆಂಚಿನ ಚಾವಣಿಗೆ ಹತ್ತಿದ ದೊಡ್ಡಪ್ಪ ಜಾರಿ, ಹಸುವಿನ ಮುಂದಿದ್ದ ಹುಲ್ಲಿನ ರಾಶಿಗೆ ದೊಪ್ಪನೆ ಬಿದ್ದರು. ನಾವೆಲ್ಲ ಗಾಬರಿಯಾಗಿ ಓಡಿದರೆ, ತಲೆಯ ಹುಲ್ಲು ಕೊಡವುತ್ತಾ ಅವರು ಕೇಳಿದ ಮೊದಲ ಮಾತು, "ಬೆಕ್ಕು ಏನಾಯ್ತೋ?"

ಅವರೆಕಾಯಿ ಕಾಲದಲ್ಲಂತೂ ಕೇಳಲೇಬೇಡಿ. ನೆನೆಸಿದ ಕಾಳು ಹಿತುಕಿ, ಬೇಳೆಯನ್ನು ಪಾತ್ರೆಗೂ ಸಿಪ್ಪೆಯನ್ನು ಹಸುವಿನ ಬಕೆಟ್ಟಿಗೂ ಹಾಕುವುದು ಮನೆಮಂದಿಯ ಸಂಜೆಯ ಕೆಲಸ. ಬೀಗರು ಬಂದಿದ್ದ ದಿನ ದೊಡ್ಡಪ್ಪ ಟೀವಿ ನೋಡುತ್ತಾ ಅದನ್ನು ಅದಲುಬದಲು ಮಾಡಿದರು. ಕಾರ್ಟೂನ್ ಕಂಡರಾಗದು ಎನ್ನುತ್ತಿದ್ದ ದೊಡ್ಡಮ್ಮನೂ ಒಲೆಯ ಮುಂದೆ ಕೂತು ಟೀವಿಯನ್ನೇ ನೋಡುತ್ತಿದ್ದರೆಂಬುದು ಸಾರು ಬಡಿಸಿದ ಮೇಲೆ ಗೊತ್ತಾಯಿತು. ಬೀಗರಿಗೆ ಸಿಪ್ಪೆ ಸಾರು, ಹಸುವಿಗೆ ಹಿತುಕಿದ ಬೇಳೆ! ದೊಡ್ಡಪ್ಪ ಮಾತ್ರ ತಣ್ಣಗೆ, "ನಾಳೆ ಹಾಲು ಹೆಂಗೆ ಗಟ್ಟಿ ಬತ್ತದೆ ನೋಡ್ರಿ" ಎಂದರು.

ಕಾರ್ಖಾನೆಯ ಪ್ರೆಸ್ ಮೆಷಿನ್ ಪಕ್ಕ ನಿಂತೂ ನಿಂತೂ ಅವರ ಕಿವಿ ಮಂದವಾಗಿತ್ತು. ನಿವೃತ್ತಿಯ ಹೊತ್ತಿಗೆ ಪೂರ್ತಿ ಹೋದ ಹಾಗೆಯೇ. ವಾರ್ತೆ ಬಿಟ್ಟರು, ಧಾರಾವಾಹಿ ಬಿಟ್ಟರು. ಕಾರ್ಟೂನಿಗೆ ಕಿವಿ ಯಾಕೆ ಬೇಕು? ಗೋಡೆಗೆ ಬಡಿದ ಬೆಕ್ಕು ರೊಟ್ಟಿಯಾಗುವುದು ಕಣ್ಣಿಗೇ ಕಾಣುತ್ತದಲ್ಲ. ಹೊಸಕೋಟೆಯ ಡಾಕ್ಟರು ಕೊಟ್ಟ ಕಿವಿಯ ಮೆಷಿನ್ನು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಈ ಸಲ ಅವರೆ ಕಾಲಕ್ಕೆ ಹೋದಾಗ ದೊಡ್ಡಮ್ಮ, ದೊಡ್ಡಪ್ಪನ ಎದುರೇ ಹೇಳಿದರು. "ಮಾತಾಡಕ್ಕೆ ಒಂದು ಜೀವ ಇಲ್ಲ ಕಣಪ್ಪ. ಹಸು ಜೊತೆ ಮಾತಾಡ್ತೀನಿ. ಅದಾದ್ರೂ ತಲೆ ಆಡಿಸ್ತದೆ." ದೊಡ್ಡಪ್ಪ ಏನೂ ಕೇಳಿಸದೆ ಕಾಳು ಹಿತುಕುತ್ತಿದ್ದರು. 

ನಾನು ಮೆಷಿನ್ನು ತಂದು ಅವರ ಕಿವಿಯ ಹತ್ತಿರ ಕೂಗಿದೆ. "ಕಾರ್ಟೂನ್ ಮುಗಿಯೋವರ್ಗಾದ್ರೂ ಹಾಕ್ಕೊಳ್ಳಿ. ಬೆಕ್ಕು ಕಿರಚೋದು ಕೇಳ್ಸುತ್ತೆ."

ಹೆಂಡತಿಗಾಗಿ ಒಪ್ಪದವರು ಬೆಕ್ಕಿಗಾಗಿ ಒಪ್ಪಿದರು. ಟೀವಿಯಲ್ಲಿ ಬೆಕ್ಕು ಬಕೆಟ್ಟಿಗೆ ಕಾಲು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲಿಂದ ಉರುಳಿತು. ಆ ಗಲಾಟೆಗೆ ದೊಡ್ಡಪ್ಪ ಬೆಚ್ಚಿಬಿದ್ದರು. ಅವರು ಬೆಚ್ಚಿದ್ದು ನೋಡಿ ದೊಡ್ಡಮ್ಮ ಜೋರಾಗಿ ನಕ್ಕರು.

ದೊಡ್ಡಪ್ಪ ತಿರುಗಿದರು. ರಿಮೋಟು ತೆಗೆದುಕೊಂಡು ಟೀವಿಯ ಸದ್ದು ಪೂರ್ತಿ ನಿಲ್ಲಿಸಿದರು. ಪರದೆಯ ಮೇಲೆ ಬೆಕ್ಕು ಓಡುತ್ತಲೇ ಇತ್ತು.

"ಯಾಕೆ ನಿಲ್ಲಿಸ್ಬಿಟ್ಟೆ? ಇನ್ನೊಂದ್ಸಲ ನಗು" ಎಂದರು.

"ನಾನೇನು ಕಾರ್ಟೂನಾ?" ದೊಡ್ಡಮ್ಮ ತಮ್ಮಷ್ಟಕ್ಕೇ ಎಂಬಂತೆ ಗೊಣಗಿದರು. ಎಷ್ಟೋ ವರ್ಷಗಳ ಮೇಲೆ ಅವರು ಮೆಲ್ಲಗೆ ಆಡಿದ ಒಂದು ಮಾತಿಗೆ ಉತ್ತರ ಬಂತು.

"ಇಷ್ಟು ದಿನ ಬರೀ ಹಲ್ಲು ಕಾಣ್ತಿತ್ತು ಕಣೆ. ಸದ್ದು ಮರ್ತೇ ಹೋಗಿತ್ತು."