ಮೂಗು ಕೊಡದವನ ರಿಪೋರ್ಟು

ಕೆಂಪಾಪುರದ ಮೇನ್ ರೋಡಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಜಿಯಾವುಲ್ಲಾನಿಗೆ ಕೊರೊನಾ ಬಂದದ್ದು ಮೊಬೈಲಿನಲ್ಲಿ. ಎರಡು ಸಾವಿರದ ಇಪ್ಪತ್ತರ ಜುಲೈ ತಿಂಗಳ ಒಂದು ಶನಿವಾರ, ಬೆಳಗಿನ ಚಹಾ ಅರ್ಧಕ್ಕೆ ಬಂದಿದ್ದಾಗ ಮೆಸೇಜು ಬಂತು. ನಿಮ್ಮ ಪರೀಕ್ಷೆಯ ಫಲಿತಾಂಶ ಪಾಸಿಟಿವ್, ಮನೆಯಿಂದ ಹೊರಗೆ ಬರಬೇಡಿ ಎಂದಿತ್ತು. ಜಿಯಾವುಲ್ಲಾನಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಮುಖ್ಯವಾಗಿ, ಅವನು ಪರೀಕ್ಷೆಯನ್ನೇ ಮಾಡಿಸಿರಲಿಲ್ಲ.

ಮಾಡಿಸಿದ್ದೇನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ, ಅಷ್ಟೆ.

ಅದಕ್ಕೆ ಕಾರಣರಾದವರು ಇಬ್ಬರು. ಒಬ್ಬರು ಕಟ್ಟಡದ ಯಜಮಾನರಾದ ಅನಂತರಾಜು. ಕೆಂಪಾಪುರ ರಾಗಿ ಹೊಲವಾಗಿದ್ದ ಕಾಲದಿಂದ ಇದ್ದ ಮನೆತನ. ಆ ಹೊಲದ ಮೇಲೆ ಈಗ ನಾಲ್ಕು ಮಹಡಿ ಎದ್ದು, ಕೆಳಗೆ ಜಿಯಾವುಲ್ಲಾನ ಅಂಗಡಿ, ಅದರ ಮೇಲೆ ಅವನ ಮನೆ, ಉಳಿದಲ್ಲೆಲ್ಲ ಬೇರೆ ಬಾಡಿಗೆದಾರರಿದ್ದರು. ಸರ್ಕಾರ ಏನು ಮಾಡಿದರೂ ಅನಂತರಾಜುಗೆ ಸರಿ. ತಟ್ಟೆ ಬಡಿಯಿರಿ ಎಂದಾಗ ಅಜ್ಜನ ಕಾಲದ ಹಿತ್ತಾಳೆ ಹರಿವಾಣವನ್ನೇ ಬಡಿದು ನೆಗ್ಗಿಸಿದ್ದವರು ಅವರು.

ಇನ್ನೊಬ್ಬರು ಎದುರು ಮನೆಯ ಚನ್ನಪ್ಪ. ಕರೆಂಟ್ ಮೀಟರ್ ರೀಡರ್ ಆಗಿ ನಿವೃತ್ತರಾದವರು. ಬಿಸಿಲಿದ್ದ ದಿನ ಮೀಟರ್ ನೋಡದೆಯೇ ರೀಡಿಂಗ್ ಬರೆದು ಮೂವತ್ತು ವರ್ಷ ನೌಕರಿ ಮುಗಿಸಿದ್ದರಿಂದ ಸರ್ಕಾರ ಕೊಡುವ ಯಾವ ಅಂಕಿಯನ್ನೂ ಅವರು ನಂಬುತ್ತಿರಲಿಲ್ಲ.

ದಿನಾ ಬೆಳಗ್ಗೆ ಅಂಗಡಿಯ ಮುಂದಿನ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಲಾಕ್‌ಡೌನ್ ಹಾಕದಿದ್ದರೆ ಅರ್ಧ ಬೆಂಗಳೂರು ಖಾಲಿಯಾಗುತ್ತಿತ್ತು ಎಂದು ಒಬ್ಬರು, ಹಾಕಿದ್ದರಿಂದಲೇ ಖಾಲಿಯಾಯಿತು ಎಂದು ಇನ್ನೊಬ್ಬರು. ಜಿಯಾವುಲ್ಲಾ ಮಿಕ್ಸಿ ಜಾರಿನ ಬ್ಲೇಡು ಬಿಚ್ಚುತ್ತ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಗುರುವಾರ ಮಾತು ಪರೀಕ್ಷೆಯ ಕಡೆಗೆ ತಿರುಗಿತು. ವಾರ್ಡಿನ ಶಾಲೆಯಲ್ಲಿ ಕ್ಯಾಂಪು ನಡೆಯುತ್ತಿತ್ತು. ಸರ್ಕಾರ ಮನೆ ಬಾಗಿಲಿಗೇ ಬಂದರೂ ಜನ ಮೂಗು ಕೊಡುತ್ತಿಲ್ಲ ಎಂದು ಅನಂತರಾಜು ದೂರಿದರು. ಮೂಗು ಯಾಕೆ, ಹೆಸರು ಕೊಟ್ಟರೆ ಸಾಕು, ಮಿಕ್ಕಿದ್ದು ಅವರೇ ಬರೆದುಕೊಳ್ಳುತ್ತಾರೆ ಎಂದು ಚನ್ನಪ್ಪ ನಕ್ಕರು. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ನಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದು ಜಿಯಾವುಲ್ಲಾ ಎದ್ದುಬಿಟ್ಟ.

ಕ್ಯಾಂಪಿನಲ್ಲಿ ಹೆಸರು, ನಂಬರು ಬರೆಸಿ ಸಹಿಯನ್ನೂ ಹಾಕಿದ. ಆಮೇಲೆ ಮುಂದಿದ್ದವನ ಮೂಗಿನೊಳಗೆ ಅಗರಬತ್ತಿಯಷ್ಟು ಉದ್ದದ ಕಡ್ಡಿ ಹೋಗುವುದನ್ನು ಕಂಡ. ಜಾರಿನ ತಳಕ್ಕೆ ಬ್ರಷ್ ಇಳಿಸಿ ತಾನು ಗರಗರ ತಿರುವುವುದು ನೆನಪಾಗಿ ಅವನ ಕಣ್ಣಲ್ಲಿ ನೀರು ಬಂತು. ಶಾಲೆಯ ಹಿಂದಿನ ಗೇಟಿನಿಂದ ಮನೆಗೆ ಬಂದು, ಕೊಟ್ಟೆ, ಮೂಗು ಸ್ವಲ್ಪ ಉರಿಯುತ್ತಿದೆ ಎಂದು ಎಲ್ಲರಿಗೂ ಹೇಳಿದ.

ಈಗ ಈ ಮೆಸೇಜು. ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆವತ್ತು ಸಂಜೆ ನಾಲ್ಕಕ್ಕೆ ಚಿಕ್ಕಬಾಣಾವರದ ಮರದ ಡಿಪೋ ಖುದ್ದೂಸ್ ಸಾಹೇಬರು ಬರುವವರಿದ್ದರು. ಜಿಯಾವುಲ್ಲಾನ ಮಗಳು ರುಮಾನಾಳನ್ನು ತಮ್ಮ ಮಗ ಹುಜೈಫಾನಿಗೆ ತಂದುಕೊಳ್ಳಲು ಒಪ್ಪಿದ್ದ ಅವರು ನಿಕಾಹ್ ದಿನ ಗೊತ್ತುಮಾಡಬೇಕಿತ್ತು. ಹೆಂಡತಿ ನೂರ್‌ಜಹಾನ್ ಆಗಲೇ ಮಸಾಲೆ ರುಬ್ಬಲು ಕೂತಿದ್ದಳು. ಜಿಯಾವುಲ್ಲಾ ಮೊಬೈಲನ್ನು ದಿಂಬಿನ ಕೆಳಗೆ ತಳ್ಳಿದ.

ಹತ್ತು ನಿಮಿಷಕ್ಕೆ ಆಶಾ ಕಾರ್ಯಕರ್ತೆ ಸುಬ್ಬಮ್ಮ ಬಂದರು. ರೋಗಿಯ ಹೆಸರು ಗುಟ್ಟಾಗಿಡಬೇಕು ಎಂದು ಮೇಲಿನವರ ಆದೇಶವಿತ್ತು, ಹತ್ತಿರ ಹೋಗಬಾರದು ಎಂದೂ ಇತ್ತು. ಹಾಗಾಗಿ ಅವರು ರಸ್ತೆಯ ಆಚೆ ಬದಿಯಲ್ಲಿ ನಿಂತು, ಅರ್ಧ ಕೆಂಪಾಪುರಕ್ಕೆ ಕೇಳುವಂತೆ ಜಿಯಾವುಲ್ಲಾನ ಹೆಸರು ಕೂಗಿ ಗುಟ್ಟು ಹೇಳಿದರು.

ಚನ್ನಪ್ಪನವರ ಮನೆಯ ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಂಡವು. ಒಂದು ಕಿಟಕಿಯ ಸಂದಿಯಿಂದ ಅವರ ದನಿ ಮಾತ್ರ ಬಂತು. "ಲ್ಯಾಬಲ್ಲಿ ನೋಡಿ ಕೊಟ್ಟಿರೋ ರಿಪೋರ್ಟ್ ಕಣ್ರೀ. ಸರ್ಕಾರ ಸುಮ್ಸುಮ್ನೆ ಹೇಳಲ್ಲ. ಮೊದ್ಲು ಸೀಲ್ ಮಾಡಿ."

ಅನಂತರಾಜು ಓಡಿ ಬಂದರು. ಇಡೀ ಕಟ್ಟಡಕ್ಕೆ ತಗಡು ಹೊಡೆಯುತ್ತಾರೆ, ಹದಿನಾಲ್ಕು ದಿನ ಯಾರೂ ಹೊರಗೆ ಬರುವಂತಿಲ್ಲ ಎಂದು ಸುಬ್ಬಮ್ಮ ವಿವರಿಸುತ್ತಿದ್ದಂತೆ ಅವರ ಮುಖ ಕೆಂಪಾಯಿತು. "ಬೋಗಸ್ ಕಣಮ್ಮ ಇದು. ಟಾರ್ಗೆಟ್ ತುಂಬ್ಸೋಕೆ ಸರ್ಕಾರದೋರು ಏನ್ ಬೇಕಾದ್ರೂ ಬರ್ಕೋತಾರೆ."

ಕಿಟಕಿಗೂ ರಸ್ತೆಗೂ ವಾದ ಹತ್ತಿತು. ಗುರುವಾರದ ಮಾತುಗಳೇ, ಬಾಯಿಗಳು ಮಾತ್ರ ಅದಲುಬದಲು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಜಿಯಾವುಲ್ಲಾ ಬಾಲ್ಕನಿಗೆ ಬಂದು, ಮಾನ ಹೋದರೂ ಹೋಗಲಿ ಎಂದು ನಿಜ ಹೇಳಿದ. ತಾನು ಹೆಸರು ಬರೆಸಿದ್ದು ಹೌದು, ಮೂಗು ಕೊಟ್ಟಿಲ್ಲ, ಹೆದರಿ ಓಡಿ ಬಂದೆ ಎಂದ.

"ಪಾಸಿಟಿವ್ ಬಂದೋರೆಲ್ಲ ಹಿಂಗೇ ಹೇಳೋದು ಅಣ್ಣ," ಎಂದರು ಸುಬ್ಬಮ್ಮ. "ರಿಜಿಸ್ಟ್ರಲ್ಲಿ ಸಹಿ ನಿಮ್ದೇ ತಾನೆ?"

ಅವನು ಹೆಂಡತಿಯ ಕಡೆಗೆ ನೋಡಿದ. ನೂರ್‌ಜಹಾನ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಗಲೇ ನಾಲ್ಕು ಹೆಜ್ಜೆ ದೂರ ಹೋಗಿದ್ದಳು. ಮೂಗು ಉರಿಯುತ್ತಿದೆ ಎಂದು ಮೂರು ದಿನದಿಂದ ತನ್ನ ಕೈಯಲ್ಲಿ ಶುಂಠಿ ಕಷಾಯ ಮಾಡಿಸಿಕೊಂಡು ಕುಡಿದವರು ಯಾರು ಎಂದು ಕೇಳಿದಳು.

ಹನ್ನೊಂದಕ್ಕೆ ತಗಡಿನ ಗಾಡಿ ಬಂತು. ಮೊಳೆ ಹೊಡೆಯುವ ಒಂದೊಂದು ಏಟೂ ಮಗಳ ಮದುವೆಯ ಮೇಲೆ ಬಿದ್ದಂತಾಗಿ ಜಿಯಾವುಲ್ಲಾ ಕೈಮುಗಿದ. ಇನ್ನೊಂದು ಸಲ ಪರೀಕ್ಷೆ ಮಾಡಿ, ಈ ಸಲ ಓಡಿಹೋಗುವುದಿಲ್ಲ ಎಂದು ಗೋಗರೆದ. ಕೊನೆಗೆ ಸುಬ್ಬಮ್ಮನವರಿಗೇ ಕನಿಕರ ಬಂದು ಅವನನ್ನು ಆಂಬುಲೆನ್ಸಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಯಾವ ಕಡ್ಡಿಗೆ ಹೆದರಿ ಓಡಿದ್ದನೋ ಅಂಥದೇ ಕಡ್ಡಿ ಎರಡೂ ಹೊಳ್ಳೆಗಳಲ್ಲಿ ಆಡಿತು. ಅರ್ಧ ಗಂಟೆಯಲ್ಲಿ ನೆಗೆಟಿವ್ ಎಂದರು.

ಅದನ್ನು ಕಂಪ್ಯೂಟರಿಗೆ ಸೇರಿಸಬೇಕಾದವಳು ಮೋನಿಕಾ ಎಂಬ ಹುಡುಗಿ. ಬೆಳಗ್ಗೆ ಪಾಸಿಟಿವ್, ಮಧ್ಯಾಹ್ನ ನೆಗೆಟಿವ್ ಎಂಬುದನ್ನು ನೋಡಿ ಅವಳು ಕೆನ್ನೆಗೆ ಕೈಯಿಟ್ಟು ಕೂತಳು. ತನಗೆ ಕಾಯಿಲೆ ಬಂದೇ ಇಲ್ಲ, ಹಾಗೆಂದು ಬರೆದುಬಿಡಮ್ಮ ಎಂದ ಜಿಯಾವುಲ್ಲಾ.

"ಆ ಕಾಲಂ ಇಲ್ಲ ಅಂಕಲ್. ಇರೋದೇ ಮೂರು. ಚಿಕಿತ್ಸೆಯಲ್ಲಿದ್ದಾರೆ, ಗುಣಮುಖ, ಮರಣ. ಯಾವ್ದು ಹಾಕ್ಲಿ?"

ಜಿಯಾವುಲ್ಲಾ ಮೂರನ್ನೂ ತೂಗಿ ನೋಡಿ ನಡುವಿನದನ್ನು ಆರಿಸಿಕೊಂಡ. ಆದರೆ ಕಾಯಿಲೆ ಬಂದ ದಿನವೇ ಗುಣವಾಗುವುದನ್ನು ಕಂಪ್ಯೂಟರ್ ಒಪ್ಪಲಿಲ್ಲ. ಗುಣವಾದ ಮೇಲೂ ಹದಿನಾಲ್ಕು ದಿನ ಮನೆಯಲ್ಲಿರಬೇಕು ಎಂದಿತು. ಊಟದ ಹೊತ್ತು ಮೀರುತ್ತಿತ್ತು. ಮೋನಿಕಾ ಕಾಯಿಲೆಯನ್ನು ಮೇ ತಿಂಗಳಿಗೂ ಗುಣವಾದದ್ದನ್ನು ಜೂನ್ ಮೊದಲ ವಾರಕ್ಕೂ ತಳ್ಳಿದಳು. ಕಂಪ್ಯೂಟರ್ ತಕ್ಷಣ ಒಪ್ಪಿ ಮೊಹರಿನ ಸಮೇತ ಗುಣಮುಖ ಪ್ರಮಾಣಪತ್ರ ಕೊಟ್ಟಿತು.

ಆ ಕಾಗದ ನೋಡಿದ ಮೇಲೆ ತಗಡುಗಳು ಕೆಳಗಿಳಿದವು. ಜಿಯಾವುಲ್ಲಾ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕೂತ.

ನಾಲ್ಕಾಯಿತು, ಯಾರೂ ಬರಲಿಲ್ಲ. ನಾಲ್ಕೂವರೆಗೆ ಖುದ್ದೂಸ್ ಸಾಹೇಬರು ಒಬ್ಬರೇ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ನಿಮಗೆ ಕೊರೊನಾ ಬಂದು ಗುಣವಾದ ಕಾಗದವಿದೆಯೆಂದು ಎದುರು ಮನೆಯವರು ಕಿಟಕಿಯಿಂದ ಹೇಳಿದರು, ಅದು ಎಲ್ಲಿ ಎಂದು ಕೇಳಿದರು. ಮುಗಿಯಿತು ಎಂದುಕೊಂಡು ಜಿಯಾವುಲ್ಲಾ ಕಾಗದ ಕೊಟ್ಟ. ಖುದ್ದೂಸ್ ತಾರೀಕುಗಳನ್ನು ಎರಡು ಸಲ ಓದಿದರು. ಆಮೇಲೆ ಕಣ್ಣೊರೆಸಿಕೊಂಡು ಅವನನ್ನು ತಬ್ಬಿಕೊಂಡರು. ನಾಲ್ಕು ತಿಂಗಳಿಂದ ಕೆಂಪಾಪುರದಲ್ಲಿ ಯಾರೂ ಯಾರನ್ನೂ ತಬ್ಬಿರಲಿಲ್ಲ.

ಅವರ ಅಣ್ಣ ಸರ್ಫರಾಜ್ ಹೆಬ್ಬಾಳದ ಆಚೆ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಕೊರೊನಾ ಬಂದು ವಾಸಿಯಾಗಿ ತಿಂಗಳು ಕಳೆದವರ ಪ್ಲಾಸ್ಮಾ ಬೇಕೆಂದು ಡಾಕ್ಟರು ಹೇಳಿ ಮೂರು ದಿನವಾಗಿತ್ತು. ರಕ್ತ ಯಾವ ಗುಂಪು ಎಂದು ಖುದ್ದೂಸ್ ಕೇಳಿದರು. ಬಿ ಪಾಸಿಟಿವ್ ಎನ್ನುವಾಗ ಆ ಎರಡನೇ ಮಾತಿಗೆ ಜಿಯಾವುಲ್ಲಾನ ನಾಲಿಗೆ ತಡವರಿಸಿತು.

"ನಮ್ಮಣ್ಣಂದೂ ಅದೇ," ಎಂದರು ಖುದ್ದೂಸ್. "ಅವ್ರು ಎದ್ದು ಬರ್ಲಿ ಭಾಯಿ. ಮಾರನೇ ಶುಕ್ರವಾರವೇ ನಿಕಾಹ್."

ನಿಜ ಹೇಳಬೇಕೆಂದು ಜಿಯಾವುಲ್ಲಾ ಬಾಯಿ ತೆರೆದ. ಪರದೆಯ ಹಿಂದೆ ರುಮಾನಾಳ ಬಳೆ ಸದ್ದಾಯಿತು. ಬೆಳಗಿನಿಂದ ಎಷ್ಟು ಜನರಿಗೆ ನಿಜ ಹೇಳಿದ್ದಾಯಿತು, ಒಬ್ಬರಾದರೂ ನಂಬಿದರೇ? ಅವನು ಬಾಯಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಪರೀಕ್ಷೆಯ ವರದಿ ಬರಲಿ ಎಂದು ಕೂರಿಸಿದರು. ಅಷ್ಟರಲ್ಲಿ ಯಶವಂತಪುರದಿಂದ ಬೇರೊಬ್ಬ ದಾನಿ ಬಂದು, ಸರ್ಫರಾಜ್ ಸಾಹೇಬರಿಗೆ ಬೇಕಾದದ್ದು ಸಿಕ್ಕಿತು. ಜಿಯಾವುಲ್ಲಾ ಒಳಗೊಳಗೇ ಶುಕ್ರಿಯಾ ಹೇಳಿಕೊಂಡು ಏಳುವುದಕ್ಕೂ ಡಾಕ್ಟರು ವರದಿ ಹಿಡಿದು ಬರುವುದಕ್ಕೂ ಸರಿಹೋಯಿತು. ಈ ರಕ್ತದಲ್ಲಿ ಕಾಯಿಲೆ ಬಂದುಹೋದ ಗುರುತೇ ಇಲ್ಲ, ಈ ಮನುಷ್ಯನಿಗೆ ಕೊರೊನಾ ಬಂದೇ ಇಲ್ಲ ಎಂದು ಅವರು ಖುದ್ದೂಸರ ಮುಂದೆಯೇ ಹೇಳಿ, ಸಹಿ ಹಾಕಿದ ಕಾಗದವನ್ನು ಅವರ ಕೈಗೇ ಕೊಟ್ಟರು.

ಖುದ್ದೂಸ್ ಒಂದು ಕೈಯಲ್ಲಿ ಆ ಕಾಗದ, ಇನ್ನೊಂದರಲ್ಲಿ ಗುಣಮುಖ ಪ್ರಮಾಣಪತ್ರ ಹಿಡಿದು, ಇದೇನು ಭಾಯಿ ಎಂದು ಮೆಲ್ಲಗೆ ಕೇಳಿದರು.

ಜಿಯಾವುಲ್ಲಾ ಕಾರಿಡಾರಿನ ಕುರ್ಚಿಯ ಮೇಲೆ ಕುಸಿದು ಮೊದಲಿನಿಂದ ಹೇಳಿದ. ಹಿಂದಿನ ಗೇಟು, ಕಷಾಯ, ಮೂರು ಕಾಲಂ, ಮೇ ತಿಂಗಳಿನ ಕಾಯಿಲೆ, ಸಂಜೆ ತೆರೆದು ಮುಚ್ಚಿದ ಬಾಯಿ, ಒಂದನ್ನೂ ಬಿಡಲಿಲ್ಲ. ಖುದ್ದೂಸ್ ಪೂರ್ತಿ ಕೇಳಿದರು. ಎರಡೂ ಕಾಗದಗಳನ್ನು ಮಡಚಿ ಅವನ ಜುಬ್ಬಾದ ಜೇಬಿಗಿಟ್ಟರು.

"ನೀವು ಹೇಳಿದ್ದು ಒಂದೊಂದು ಮಾತೂ ನಂಬ್ತೀನಿ ಭಾಯಿ," ಎಂದರು. "ಅದಕ್ಕೇ ಈ ಸಂಬಂಧ ಬೇಡ."